ಕೂದಲು ಸುತ್ತಿದ ಹೊಸಿಲು

“ಅದನ್ನ ಕೀಳ್ಬೇಡಪ್ಪ. ಇಷ್ಟು ವರ್ಷ ಅಲ್ಲೇ ಬಿದ್ದಿದೆ, ಬಿದ್ದಿರ್ಲಿ ಬಿಡು.”

ಪಕ್ಕದ ಮನೆಯ ನಿವೃತ್ತ ನರ್ಸ್ ಕಾಂಪೌಂಡಿನ ಮೇಲಿಂದ ಬಗ್ಗಿ ಹೇಳಿದರು. ಬಡಾವಣೆಗೆಲ್ಲ ಅವರು ಸಿಸ್ಟರ್. ಬೀಗ ರಿಪೇರಿಯವನು ಗುದ್ದಲಿ ಊರಿಕೊಂಡು ನಕ್ಕ. ಹೆಂಡತಿ ಮತ್ತು ಆರು ವರ್ಷದ ಮಗಳೊಂದಿಗೆ ಅವನು ಇಲ್ಲಿಗೆ ಬಂದು ತಿಂಗಳೂ ಆಗಿರಲಿಲ್ಲ. ಅಳೆದು ಗೆರೆ ಎಳೆದಂಥ ರಸ್ತೆಗಳ ಕೊನೆಯ ಸಾಲಿನಲ್ಲಿ ಅವನ ಮನೆ. ಹಿತ್ತಿಲಿನ ತಂತಿಬೇಲಿಯಾಚೆ ಕುರುಚಲು ಕಾಡು. ಕೀಲಿ ಅರೆಯುವ ಯಂತ್ರಕ್ಕೆ ಅಲ್ಲೊಂದು ಶೆಡ್ಡು ಹಾಕಬೇಕೆಂದು ಆ ಭಾನುವಾರ ಬೆಳಿಗ್ಗೆಯೇ ಮೂಲೆಯನ್ನು ಅಗೆಯತೊಡಗಿದ್ದ. ಅಡ್ಡ ಬಂದದ್ದು ಅರ್ಧ ಹೂತುಹೋಗಿದ್ದ ಒಂದು ಮರದ ಹೊಸಿಲು. ಅದರ ಉದ್ದಕ್ಕೂ ಯಾರದೋ ನರೆಗೂದಲನ್ನು ಹುರಿಮಾಡಿ ಬಿಗಿಯಾಗಿ ಸುತ್ತಿದ್ದರು.

“ಬಡಾವಣೆಗೆ ನೆಲ ಮಟ್ಟ ಮಾಡುವಾಗ ಇಲ್ಲಿ ಒಬ್ಬ ಮುದುಕಿಯ ಮನೆ ಕೆಡವಿದ್ರಂತೆ,” ಎಂದರು ಸಿಸ್ಟರ್. “ಉಳಿದ ಹೊಸಿಲಿಗೆ ತನ್ನ ತಲೆಗೂದಲನ್ನೇ ಕಿತ್ತು ಸುತ್ತಿ, ಇದನ್ನ ಕೀಳೋಕೆ ಕೈ ಹಾಕಿದವನಿಗೆ ಯಾವ ಹೊಸಿಲೂ ಇಲ್ಲದಿರಲಿ ಅಂತ ಮಾಟ ಮಾಡಿಟ್ಟು ಕಾಡು ಸೇರಿದಳಂತೆ.”

“ಹಾಗೆ ಕೈ ಹಾಕಿದವರು ಯಾರಾದ್ರೂ ಇದ್ದಾರಾ ಸಿಸ್ಟರ್?”

ಆಕೆ ಹಣೆ ಉಜ್ಜಿಕೊಂಡರು. “ಇದ್ರು. ಯಾರು ಅಂತ ಎಷ್ಟು ಯೋಚಿಸಿದ್ರೂ ಜ್ಞಾಪಕಕ್ಕೆ ಬರಲ್ಲ. ಅದೇ ನನ್ನ ಭಯ.”

“ಜ್ಞಾಪಕಕ್ಕೇ ಬಾರದವರಿಗೆ ಹೆದರೋದು ಹೇಗೆ?” ಎಂದು ನಗುತ್ತಲೇ ಅವನು ಗುದ್ದಲಿ ಹಾಕಿ ಮೀಟಿದ. ಹೊಸಿಲು ಹಲ್ಲು ಕಿತ್ತಂತೆ ಬಂತು. ಕೆಳಗಿನ ಗುಣಿಯಿಂದ ಹುಳಿತ ಹಾಲಿನ ವಾಸನೆ ಭಗ್ಗನೆ ಎದ್ದಿತು. ಎಲೆಕಸದ ಜೊತೆ ಅದಕ್ಕೂ ಬೆಂಕಿಯಿಟ್ಟ. ಕೂದಲು ಚರಚರನೆ ಸುರುಟಿಕೊಂಡಿತು. ಗಾಳಿಯೇ ಇರಲಿಲ್ಲ, ಆದರೂ ಹೊಗೆ ನೆಲಕ್ಕೆ ಅಂಟಿಕೊಂಡು ತೆವಳುತ್ತ ಅವನ ಮನೆಯೊಳಗೆ ಹೋಯಿತು.

ಮಧ್ಯಾಹ್ನ ಊಟಕ್ಕೆ ಕೂತಾಗ ಎರಡೇ ತಟ್ಟೆಗಳಿದ್ದವು.

“ಅಯ್ಯೋ, ಮರೆತೇಬಿಟ್ಟೆ ಕಣ್ರೀ,” ಎಂದು ಹೆಂಡತಿ ನಾಲಿಗೆ ಕಚ್ಚಿಕೊಂಡಳು.

ಮರುದಿನ ಬೆಳಿಗ್ಗೆ ಅವನು ಶೂ ಹಾಕಿಕೊಳ್ಳುತ್ತಿದ್ದಾಗ ಅಡುಗೆಮನೆಯಲ್ಲಿ ಮಗಳ ಪಿಸುಮಾತು ಕೇಳಿಸಿತು. “ಅಮ್ಮಾ, ಇವರು ಯಾವಾಗ ಹೋಗ್ತಾರೆ?”

ಹೆಂಡತಿ ಮಗುವನ್ನು ಗದರಲಿಲ್ಲ. ಮಗಳ ಆ ಪ್ರಶ್ನೆ ದಿನವಿಡೀ ಅವನ ತಲೆ ಬಿಡಲಿಲ್ಲ. ಅಂಗಡಿಯಲ್ಲಿ ಅರೆದ ಕೀಲಿಗಳೆಲ್ಲ ಕೆಟ್ಟವು. ಹೊತ್ತಿಗೆ ಮುಂಚೆಯೇ ಬಾಗಿಲೆಳೆದು ಮನೆಗೆ ಓಡಿದ.

ಕೀಲಿ ತಿರುಗಲಿಲ್ಲ. ಅವನೇ ಕೂರಿಸಿದ ಬೀಗ, ಅವನೇ ಅರೆದ ಕೀಲಿ. ಗಂಟೆ ಒತ್ತಿದ. ಒಳಗೆ ಕುಕ್ಕರ್ ಕೂಗುತ್ತಿತ್ತು, ಮಗಳು ಜೋರಾಗಿ ಪಾಠ ಓದುತ್ತಿದ್ದಳು. ಯಾರೂ ಬರಲಿಲ್ಲ. ಚೀಲದಿಂದ ತಂತಿ ತೆಗೆದ. ತೂರಿಸಿದ. ತಡವಿದ. ಬೀಗದೊಳಗಿನ ಒಂದು ಕೀಲು ಎದ್ದಿತು. ಇನ್ನೊಂದು. ಬಾಗಿಲು ತೆರೆಯಿತು. ಹುಳಿತ ಹಾಲಿನ ವಾಸನೆ ಮುಖಕ್ಕೆ ಬಡಿಯಿತು.

ಹೆಂಡತಿ ಮಗಳನ್ನು ಸೆರಗಿನ ಹಿಂದಕ್ಕೆ ಎಳೆದುಕೊಂಡಳು.

“ರೀ, ಯಾರ್ರೀ ನೀವು?”

ಒಂಬತ್ತು ವರ್ಷದಿಂದ ಅವಳು ಅವನನ್ನು ಕರೆಯುತ್ತಿದ್ದದ್ದು ಅದೇ ‘ರೀ’. ಆದರೆ ಇದು ಬೀದಿಯಲ್ಲಿ ಹೋಗುವವರನ್ನು ಕರೆಯುವ ರೀ ಆಗಿತ್ತು.

“ನಾನು ಕಣೇ! ನೋಡು, ನಾನು! ನಿನ್ನ ಎಡಭುಜದ ಸುಟ್ಟ ಕಲೆ ನನಗಲ್ಲದೆ ಇನ್ಯಾರಿಗೆ ಗೊತ್ತು?”

ಅಷ್ಟು ಹೇಳಿದ್ದೇ ತಪ್ಪಾಯಿತು. ಅವಳು ಕಿಟಾರನೆ ಕಿರುಚಿದಳು. ಜನ ಸೇರಿದರು. ಅಂಗಿ ಹರಿಯಿತು. ತುಟಿ ಒಡೆಯಿತು. ಗುಂಪಿನಲ್ಲಿ ಸಿಸ್ಟರ್ ಕಂಡರು. ಅವನು ಅವರ ಕಾಲು ಹಿಡಿದ. “ನೀವಾದ್ರೂ ಹೇಳಿ! ನಿನ್ನೆ ನೀವೇ ಬೇಡ ಅಂದ್ರಲ್ಲ!”

ಆಕೆ ಹಣೆ ಉಜ್ಜಿಕೊಂಡರು. ಬಹಳ ಹೊತ್ತು ದಿಟ್ಟಿಸಿದರು. “ಹುಚ್ಚ ಇರಬೇಕು ಪಾಪ. ಹೊಡೀಬೇಡಿ, ಅಟ್ಟಿಬಿಡಿ.”

ಅಟ್ಟಿದರು. ಕಾಡಿನವರೆಗೂ ಅಟ್ಟಿದರು.

ಆಮೇಲೆ ಅವನು ಬಡಾವಣೆಯ ಎಷ್ಟೋ ಬಾಗಿಲುಗಳನ್ನು ತಟ್ಟಿದ. ತೆರೆದವರ ಕಣ್ಣು ಅವನ ಮೇಲೆ ನಿಲ್ಲುತ್ತಲೇ ಇರಲಿಲ್ಲ. ಹೊಸಿಲಿನೊಳಗೆ ಕಾಲಿಟ್ಟರೆ ಅಂಗಾಲು ಕೆಂಡ ತುಳಿದಂತೆ ಉರಿಯುತ್ತಿತ್ತು. ರಾತ್ರಿ ಹಿತ್ತಿಲಿಗೆ ನುಸುಳಿ ಬೂದಿಯನ್ನೆಲ್ಲ ಬಾಚಿ ಗುಣಿಗೆ ಸುರಿದ, ತನ್ನ ತಲೆಗೂದಲನ್ನೇ ಕಿತ್ತು ಅದರ ಮೇಲೆ ಹಾಕಿದ, ಮುದುಕಿಯನ್ನು ಕರೆಕರೆದು ಗಂಟಲು ಹರಿದುಕೊಂಡ. ಕಾಡು ಓಗೊಡಲಿಲ್ಲ.

ಎಷ್ಟು ದಿನಗಳಾದವೋ. ಒಂದು ಬೆಳಿಗ್ಗೆ ಮಗಳು ಒಬ್ಬಳೇ ಬೇಲಿಯ ಹತ್ತಿರ ಬಂದಳು. ಪೊದೆಯಲ್ಲಿ ಕೂತಿದ್ದವನನ್ನು ಕಂಡು ಹೆದರಲಿಲ್ಲ.

“ಅಂಕಲ್, ನಮ್ಮಪ್ಪನ್ನ ನೋಡಿದ್ರಾ?”

ಅವನು ಬೇಲಿಗೆ ಧಾವಿಸಿದ. ತಂತಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. “ಹೇಗಿದ್ರು ಪುಟ್ಟಾ ನಿಮ್ಮಪ್ಪ? ನೆನಪು ಮಾಡ್ಕೋ. ನನ್ನ ಮುಖ ನೋಡಿ ಹೇಳು.”

ಮಗು ನೋಡಿತು. ಹುಬ್ಬು ಗಂಟಿಕ್ಕಿ ಯೋಚಿಸಿತು.

“ಇರಿ, ಅಮ್ಮನ್ನ ಕೇಳ್ಕೊಂಡು ಬರ್ತೀನಿ,” ಎಂದು ಒಳಗೆ ಓಡಿತು.

ಅವನು ಕಿವಿಯಾನಿಸಿದ. ಮಗು ಕೇಳಿದ್ದು ಸ್ಪಷ್ಟವಾಗಿ ಕೇಳಿಸಿತು. ಉತ್ತರವೂ ಕೇಳಿಸಿತು.

“ಯಾವ ಅಪ್ಪನೇ? ನಿಂಗೆ ಅಪ್ಪ ಎಲ್ಲಿದ್ದ?”

ಮಗು ಮತ್ತೆ ಹೊರಗೆ ಬರಲಿಲ್ಲ.