ಕೊನೆಯ ಒಂದು ಗಂಟೆ

ಹೋದ ಸಲ ಗೌರೀಶ ಸೋತದ್ದು ಒಂದೇ ಒಂದು ವೋಟಿನಿಂದ. ತೆಂಕಣ ಕನ್ನಡ ಕೂಟದ ಅಧ್ಯಕ್ಷಗಿರಿಯೆಂದರೆ ಮೆಲ್ಬರ್ನ್, ಸಿಡ್ನಿ ಎರಡೂ ಊರಿನ ಕನ್ನಡಿಗರೆದುರು ಹಾರ ಹಾಕಿಸಿಕೊಂಡು ಕೂರುವ ಕುರ್ಚಿ. ಅದರಲ್ಲೀಗ ಸಿಡ್ನಿಯ ವಿರುಪಾಕ್ಷ ಕೂತಿದ್ದ. ನೆನೆದಾಗಲೆಲ್ಲ ಗೌರೀಶನ ಹೊಟ್ಟೆ ಉರಿಯುತ್ತಿತ್ತು.

ತಾನು ಯಾಕೆ ಸೋತೆನೆಂದು ವರ್ಷವಿಡೀ ತಲೆ ಕೆಡಿಸಿಕೊಂಡು ಅವನು ಕಂಡುಕೊಂಡಿದ್ದ. ಭಾಷಣವಲ್ಲ, ಭರವಸೆಯಲ್ಲ, ಜಾತಿಯೂ ಅಲ್ಲ. ವೋಟು ಹಾಕುವುದು ಫೋನಿನಲ್ಲಿ, ಭಾನುವಾರ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ. ಯಾರಿಗೆ ಹಾಕಿದರೆಂಬುದು ಗುಟ್ಟು. ಯಾರು ಇನ್ನೂ ಹಾಕಿಲ್ಲವೆಂಬುದು ಎಲ್ಲರಿಗೂ ಕಾಣುತ್ತಿತ್ತು. ಕೊನೆಯ ಒಂದು ಗಂಟೆಯಲ್ಲಿ ವಿರುಪಾಕ್ಷ ಅಂಥ ಸೋಮಾರಿಗಳಿಗೆಲ್ಲ ಫೋನ್ ಮಾಡುತ್ತಿದ್ದ. ಊಟ ಆಯಿತೇ, ವೋಟು ಹಾಕಿದೆಯಾ ಎಂದು ಕೇಳುತ್ತಿದ್ದ, ಅಷ್ಟೇ. ಜನ ನಾಚಿಕೊಂಡು ಅವನಿಗೇ ಒತ್ತುತ್ತಿದ್ದರು. ಆ ಒಂದು ಗಂಟೆ ಅವನ ಬಾಯಿ ಮುಚ್ಚಿದ್ದರೆ ಸಾಕಿತ್ತು. ಮುಚ್ಚಿದ ಬಾಯಿ ಮತ್ತೆ ತೆರೆಯುವುದೇ ಬೇಡವೆಂದು ಗೌರೀಶ ತೀರ್ಮಾನಿಸಿದ. ಹೆಣ ಸಿಗುವ ಹೊತ್ತಿಗೆ ಫಲಿತಾಂಶ ಬಂದಿರುತ್ತದೆ.

ಹೆಂಡತಿ ಮಾಧುರಿ ತಂಗಿಯ ಮದುವೆಗೆಂದು ಹುಬ್ಬಳ್ಳಿಗೆ ಹೋಗಿದ್ದಳು. ಈ ಸಲದ ಚುನಾವಣೆಯ ಹಿಂದಿನ ದಿನ, ಶನಿವಾರ ಸಂಜೆ ಅವನು ಕೂಟದ ವಾಟ್ಸಾಪ್ ಗುಂಪಿನಲ್ಲಿ, ವಿಪರೀತ ಜ್ವರ, ಮಲಗಿರುತ್ತೇನೆ, ಯಾರೂ ಬರಬೇಡಿ ಎಂದು ಬರೆದ. ಮೆಲ್ಬರ್ನಿನ ವಿಂಡಮ್ ವೇಲ್‌ನ ಮನೆಯಲ್ಲಿ ಫೋನನ್ನು ಹಾಸಿಗೆಯ ಮೇಲೇ ಬಿಟ್ಟ. ನಾಳೆ ಪೊಲೀಸರು ಕೇಳಿದರೆ ಆ ಫೋನೇ ಸಾಕ್ಷಿ ಹೇಳುತ್ತದೆ. ಕಾರಿನ ನಂಬರ್ ಪ್ಲೇಟ್ ಬದಲಿಸಿ, ದಾರಿಯ ಬಂಕುಗಳ ಕ್ಯಾಮರಾಕ್ಕೆ ಸಿಗದಂತೆ ಕ್ಯಾನುಗಳಲ್ಲೇ ಪೆಟ್ರೋಲ್ ತುಂಬಿಕೊಂಡು ಸಿಡ್ನಿಯ ದಾರಿ ಹಿಡಿದ. ಆ ಕೂಟದಲ್ಲಿ ಯುಗಾದಿಯನ್ನೂ ಯಾರೂ ಇಷ್ಟು ಅಚ್ಚುಕಟ್ಟಾಗಿ ಮಾಡಿರಲಿಲ್ಲ.

ಸಿಡ್ನಿಯ ರೌಸ್ ಹಿಲ್‌ನಲ್ಲಿ ಭಾನುವಾರ ಬೆಳಿಗ್ಗೆ ವಿರುಪಾಕ್ಷನ ಹೆಂಡತಿ ಮಕ್ಕಳು ಕನ್ನಡ ಶಾಲೆಗೆ ಹೋಗಿರುತ್ತಾರೆಂಬುದು ಗೊತ್ತಿದ್ದದ್ದೇ. ಅವನು ಗ್ಯಾರೇಜಿನಲ್ಲಿ ಒಬ್ಬನೇ ಫೋನ್ ಹಿಡಿದು ನಿಂತಿದ್ದ. ಗೌರೀಶನನ್ನು ಕಂಡು ಮುಖವರಳಿಸಿದ.

“ಜ್ವರ ಅಂದಿದ್ಯಲ್ಲೋ ಗೌರೀಶ? ಬಾ ಒಳಗ. ನಾಷ್ಟಾ ಆತೇನು? ವೋಟು ಹಾಕಿದಿಯೇನು?”

ಆ ಮಾತು ಕಿವಿಗೆ ಬಿದ್ದದ್ದೇ ತಡ, ಗೌರೀಶ ಬೆನ್ನ ಹಿಂದೆ ಹಿಡಿದಿದ್ದ ಕಬ್ಬಿಣದ ಸಲಾಕೆ ಬೀಸಿದ. ಮೊದಲ ಏಟಿಗೆ ಹಲ್ಲುಗಳು ಸಿಮೆಂಟಿನ ಮೇಲೆ ಚೆಲ್ಲಿದವು. ವಿರುಪಾಕ್ಷ ಅಡ್ಡ ಹಿಡಿದ ಕೈ ಮುರಿಯಿತು. ಆಮೇಲೆ ತಲೆಗೆ, ಎಷ್ಟು ಸಲವೋ. ಉಸಿರು ನಿಂತ ಮೇಲೂ ಬಾಯಿಗೆ ಇನ್ನೊಂದು ಹೊಡೆದ, ಫೋನನ್ನೂ ಜಜ್ಜಿದ. ಹೆದರಿಕೆಯಾಗಲಿಲ್ಲ, ಎಷ್ಟೋ ತಿಂಗಳ ಮೇಲೆ ಮನಸ್ಸು ಹಾಯೆನಿಸಿತು. ರಕ್ತದ ಬಟ್ಟೆ ಬದಲಿಸಿ, ಸಲಾಕೆಯನ್ನು ದಾರಿಯ ನದಿಗೆ ಎಸೆದು, ಅಧ್ಯಕ್ಷ ಭಾಷಣವನ್ನು ಮನಸ್ಸಿನಲ್ಲೇ ತಿದ್ದುತ್ತ ಮನೆಯ ಕಡೆ ಹೊರಟ.

ಸಂಜೆ ಮನೆಯ ಮುಂದೆ ನಾಲ್ಕಾರು ಕಾರು ನಿಂತಿದ್ದವು. ಗೆದ್ದೆ, ಹಾರ ತಂದಿದ್ದಾರೆ ಎಂದುಕೊಂಡೇ ಅವನು ಇಳಿದ. ಬಾಗಿಲಲ್ಲಿ ಪಕ್ಕದ ಬೀದಿಯ ಈರಯ್ಯ ಅಂಕಲ್ ಗಂಜಿಯ ಡಬ್ಬಿ ಹಿಡಿದು ನಿಂತಿದ್ದರು. ಮಾಧುರಿ ಮನೆಯ ಇನ್ನೊಂದು ಕೀಲಿ ಕೊಟ್ಟು ಹೋಗಿದ್ದುದು ಅವರ ಕೈಯಲ್ಲೇ. ಅವರ ಹಿಂದೆ ಇಬ್ಬರು ಪೊಲೀಸರಿದ್ದರು. ಅಂಕಲ್‌ರ ಕಣ್ಣುಗಳು ಅತ್ತು ಕೆಂಪಾಗಿದ್ದವು. “ವಿರುಪಾಕ್ಷನ್ನ ಯಾರೋ ಕೊಂದಾರಪಾ. ನೀನೂ ಕಾಣವಲ್ಲಿ ಅಂತ ನಾವ ಇವರನ್ನ ಕರಸೀವಿ,” ಎಂದರು. “ಎಲ್ಲಾರೂ ವೋಟು ಹಾಕಿದ್ರು, ಇಬ್ಬರಿಗೂ ಸಮಸಮ ಆಗಿತ್ತು. ಒಂದ ಒಂದು ವೋಟು ಬಾಕಿ ಇತ್ತು, ನಿಂದು. ಎಷ್ಟು ಫೋನ್ ಮಾಡಿದ್ರೂ ಎತ್ತಲಿಲ್ಲ, ಜ್ವರ ಏರೇತೇನೋ ಅಂತ ಬಾಗಲಾ ತಗದು ನೋಡಿದ್ರ ಹಾಸಿಗಿ ಮ್ಯಾಲ ಬರೇ ಫೋನ್ ಒದರಾಕತ್ತಿತ್ತು. ನಿನಗ ನೀನ ವೋಟು ಹಾಕದ, ಮುಂಜಾನಿಂದ ಎಲ್ಲಿಗೆ ಹೋಗಿದ್ದಿ?”