ಅಣೆಕಟ್ಟಿನ ಬುಡದಲ್ಲಿ ಪೊಳ್ಳು

ಧಡ್!

ನನ್ನ ಹಿಂದೆ ಕಬ್ಬಿಣದ ಬಾಗಿಲು ಮುಚ್ಚಿತು. ಹೊರಗಿನಿಂದ ಚಿಲಕ ಬಿದ್ದ ಸದ್ದು...

ನಾನಿದ್ದದ್ದು ಅಣೆಕಟ್ಟಿನೊಳಗಿನ ಸುರಂಗದಲ್ಲಿ. ಕೈಯಲ್ಲಿ ಪಿಸ್ತೂಲು. ಎದುರಿಗೆ ನಾನು ಹಿಡಿಯಲು ಬಂದ ಕಳ್ಳಿ.

"ನಿಮ್ಮನ್ನೂ ಕೂಡಿಹಾಕಿದ್ರಾ?" ಎಂದಳು. ವಿಜ್ಞಾನಿ. ಕನ್ನಡಕದ ಒಂದು ಗಾಜು ಒಡೆದಿತ್ತು.

ನನ್ನ ಕಸುಬು ಗೊತ್ತಲ್ಲ ನಿಮಗೆ? ಕಳೆದದ್ದನ್ನು ಹುಡುಕಿಕೊಡುವುದು. ಪರಊರಲ್ಲಿ ತಿಂಗಳು ಕಳೆದು ಅಂದೇ ಮರಳಿದ್ದೆ. ಈ ಸಲ ಕೆಲಸ ಕೊಟ್ಟವರು ನನ್ನ ಭಾವ, ಅಣೆಕಟ್ಟಿನ ಚೀಫ್ ಇಂಜಿನಿಯರ್. "ಮೆಷೀನ್ ಕದ್ದು ಒಳಗೆ ಅಡಗಿದ್ದಾಳೆ ಕಣಯ್ಯ. ಹಿಡ್ಕೊಂಡು ಬಾ," ಎಂದಿದ್ದರು. ಅಪ್ಪ ಸತ್ತ ಮೇಲೆ ನನ್ನನ್ನು ಸಾಕಿದ ಭಾವ! ಕೇಳುವುದೇನಿತ್ತು?

ಮೆಷೀನ್ ಅವಳ ಪಕ್ಕದಲ್ಲೇ ಇತ್ತು. ಫ್ರಿಜ್ಜಿನಷ್ಟು ಎತ್ತರ.

"ಇದನ್ನ ಹೊತ್ಕೊಂಡು ಓಡ್ತೀನಾ ನಾನು?"

"ಏನಿದು?"

"ಗುರುತ್ವ ಅಳೆಯೋದು. ಪರಮಾಣುಗಳನ್ನ ಲೇಸರಿನಿಂದ ತಣ್ಣಗೆ ಮಾಡಿ ಕೆಳಗೆ ಬೀಳಿಸ್ತೀವಿ. ಬೀಳೋ ವೇಗ ನೋಡಿದ್ರೆ ನೆಲದ ಸೆಳೆತ ಗೊತ್ತಾಗುತ್ತೆ. ಅಡೀಲಿ ಪೊಳ್ಳಿದ್ರೆ ಸೆಳೆತ ಒಂದು ಕೂದಲೆಳೆ ಕಡಿಮೆ."

"ಇಲ್ಲಿ?"

"ಆರು ವಾರದಿಂದ ಇಳೀತಾನೇ ಇದೆ. ಬುಡದ ಮಣ್ಣು ಕೊಚ್ಚಿ ಹೋಗ್ತಿದೆ! ರಿಪೋರ್ಟ್ ಕೊಟ್ಟೆ. ಚೀಫ್ ಇಂಜಿನಿಯರ್ ಹರಿದುಹಾಕಿದ್ರು."

ನಂಬಲಿಲ್ಲ. ಬಾಗಿಲು ಬಡಿದೆ. "ಭಾವಾ! ನಾನು!"

ಆಚೆಯಿಂದ ಅವರದೇ ದನಿ. "ಗೊತ್ತು ಕಣಯ್ಯ... ಕ್ಷಮಿಸಿಬಿಡು. ಕಳ್ಳಿಯನ್ನ ಹಿಡಿಯೋಕೆ ಹೋಗಿ ಇಬ್ರೂ ಮುಳುಗಿದ್ರು ಅಂದ್ರೆ ಯಾರೂ ಕೇಳಲ್ಲ."

ಆಮೇಲೆ ಪಂಪ್ ನಿಂತಿತು. ಸುರಂಗಕ್ಕೆ ಸೋರಿದ ನೀರನ್ನು ಹೊರಹಾಕುತ್ತಿದ್ದ ಪಂಪ್! ಪಾದ ಮುಳುಗಿತು. ಮೊಣಕಾಲು...

"ಗಾಳಿ ಕೊಳವೆ!" ಎಂದು ಕಿರುಚಿದಳು.

ಏಣಿಯಿಲ್ಲ. ಬೆನ್ನು ಒಂದು ಗೋಡೆಗೆ, ಕಾಲು ಇನ್ನೊಂದಕ್ಕೆ ಒತ್ತಿ ಹತ್ತಿದೆವು. ಚರ್ಮ ಸುಲಿಯಿತು. ಮೇಲೆ ಬಂದಾಗ ನೆತ್ತಿ ಸುಡುವ ಬಿಸಿಲು. ಕಾವಲುಗಾರ ಲಾಠಿ ಎತ್ತಿದ. ನನ್ನದೊಂದೇ ಏಟು... ಬಿದ್ದ. ಓಡಿದೆವು!

ಕಂಟ್ರೋಲ್ ರೂಮಿನ ಬಾಗಿಲಿಗೆ ಭಾವ ಅಡ್ಡ ನಿಂತಿದ್ದ. ಹೌದು, ಇನ್ನು 'ನಿಂತಿದ್ದ'ನೇ!

"ಸೈರನ್ ಹಾಕ್ಬೇಡ. ಬುಡ ಕಳಪೆಯಾಗಿ ಕಟ್ಟಿಸಿದ್ದು ನಾನು. ಗೊತ್ತಾದ್ರೆ ಜೈಲೇ ಗತಿ. ಉಂಡ ಮನೆ ಜಂತೆ ಎಣಿಸ್ತೀಯೇನೋ?"

"ಕೆಳಗೆ ಊರಿದೆ! ಅಕ್ಕ ಇದ್ದಾಳೆ!"

ಕಣ್ಣು ತಪ್ಪಿಸಿದ. ದವಡೆಗೊಂದು ಬಿಟ್ಟೆ.

ಸೈರನ್ ಕೂಗಿತು. ಊರು ಖಾಲಿಯಾಗುತ್ತಿದ್ದಂತೆ ವಿಜ್ಞಾನಿ ಗೇಟುಗಳನ್ನು ಒಂದೊಂದಾಗಿ ತೆರೆಸಿ ನೀರು ಇಳಿಸಿದಳು. ಕಟ್ಟೆ ನಿಂತಿತು.

ನಾನು ಅಷ್ಟರಲ್ಲಿ ಅಕ್ಕನ ಮನೆಗೆ ಓಡಿದ್ದೆ. ಬೀಗ ಹಾಕಿತ್ತು. ಬಾಗಿಲನ್ನು ಒದ್ದು ತೆರೆದೆ.

ಖಾಲಿ!

ಮಂಚವಿಲ್ಲ. ಬೀರು ಇಲ್ಲ. ಗೋಡೆಯಲ್ಲಿ ಬರೀ ಮೊಳೆಗಳು. ನೆಲದ ಮೇಲೆ ವಾರಗಳ ಧೂಳು.

ಫೋನ್ ಮಾಡಿದೆ. "ಎಲ್ಲಿದ್ದೀಯೇ ಅಕ್ಕಾ?"

"ಗುಡ್ಡದ ಮೇಲೆ... ಹೊಸ ಮನೇಲಿ ಕಣೋ."

"ನಿಂಗೂ ಗೊತ್ತಿತ್ತಾ?"

"ನಿಂಗೆ ಹೇಳ್ಬೇಕು ಅಂತಾನೇ ಇದ್ದೆ..."

ನನ್ನ ಮನೆ ಆ ಖಾಲಿ ಮನೆಯಿಂದ ಎರಡೇ ಬೀದಿ ಆಚೆ. ಪೊರಕೆಯನ್ನೂ ಬಿಡದೆ ಸಾಗಿಸಿದ್ದಳು ನನ್ನಕ್ಕ. ತಮ್ಮನಿಗೆ ಮಾತ್ರ ಲಾರಿಯಲ್ಲಿ ಜಾಗ ಸಿಕ್ಕಿರಲಿಲ್ಲ!