ಹಸಿರು ಕೋಟು

“ಅರ್ಧ ದಿನ ಅಷ್ಟೇ. ಚಂದನಾ ಸಿಸ್ಟರ್ ಹತ್ರ ಬಿಳಿ ಕೋಟು ಕೇಳಿ ಹಾಕ್ಕೋ ಮಾರಾಯ್ತಿ.”

ಹೊನ್ನಾವರದ ಆ ಖಾಸಗಿ ಆಸ್ಪತ್ರೆಯ ಹಿಂಬಾಗಿಲಲ್ಲಿ ನಿಂತು ಆಂಬುಲೆನ್ಸ್ ಡ್ರೈವರ್ ನರೇಶ ಹೀಗೆ ಅಂಗಲಾಚಿದಾಗ ವಿನುತಾಗೆ ತಲೆಬುಡ ಅರ್ಥವಾಗಲಿಲ್ಲ. ಅವನ ಕೈಯಲ್ಲಿ ಬಿಸಿ ಬನ್ಸಿನ ಪೊಟ್ಟಣವಿತ್ತು. ತಪ್ಪು ಮಾಡಿದ ದಿನವೇ ಅವನು ಬನ್ಸ್ ತರುವುದು.

“ಎಂತಕ್ಕೆ?”

“ಅಮ್ಮಂಗೆ ಜ್ವರ. ಹೆಬಳೆಯಿಂದ ಕರ್ಕೊಂಡು ಬಂದು ಈಗಷ್ಟೇ ಅಡ್ಮಿಟ್ ಮಾಡಿದೆ.” ನರೇಶ ನೆಲ ನೋಡಿದ. “ನಮ್ಮ ವಿಷಯ ಹೇಳುವಾಗ... ನೀನು ಸ್ಟಾಫ್ ನರ್ಸ್ ಅಂದ್ಬಿಟ್ಟಿದ್ದೆ.”

ಅಯ್ಯೋ, ಇವತ್ತೇ ಹೇಳಬೇಕಿತ್ತೆ ಇವನು! ಬೆಳಿಗ್ಗೆಯಷ್ಟೇ ವಿನುತಾ ಕುಮಟಾದ ಹೊಸ ಆಸ್ಪತ್ರೆಯೊಂದರಲ್ಲಿ ಇಂಟರ್‌ವ್ಯೂ ಮುಗಿಸಿ ಬಂದಿದ್ದಳು. “ಅನುಭವ ಚೆನ್ನಾಗಿದೆ, ಆದರೆ ನರ್ಸಿಂಗ್ ಕೋರ್ಸ್ ಆಗಿಲ್ಲವಲ್ಲಮ್ಮ” ಎಂದು ನಗುನಗುತ್ತಲೇ ಬಾಗಿಲು ತೋರಿಸಿದ್ದರು. ಹಿಂದೆ ಮುರ್ಡೇಶ್ವರದಲ್ಲೂ ಇದೇ ಹಾಡು. ನರ್ಸಿಂಗ್ ಅಸಿಸ್ಟೆಂಟ್ ಆಗಿ ವರ್ಷಗಟ್ಟಲೆ ದುಡಿದರೂ ಮುಂದಿನ ಮೆಟ್ಟಿಲೇ ಇಲ್ಲ. ಕೋರ್ಸ್ ಮುಗಿಸಿ ನಿನ್ನೆ ಬಂದ ಹುಡುಗಿಯರು ಬಿಳಿ ಕೋಟಿನಲ್ಲಿ ಓಡಾಡುತ್ತಾರೆ. ಇವಳು ಮಾತ್ರ ಅದೇ ಹಸಿರು ಕೋಟಿನಲ್ಲಿ ಬೆಡ್‌ಪ್ಯಾನ್ ತೊಳೆದು, ಮೈ ಒರೆಸಿ, ಮರುದಿನ ಮತ್ತೆ ಅದನ್ನೇ ಮಾಡಬೇಕು. ರೋಗಿಗಳು ಪ್ರೀತಿಯಿಂದ “ಸಿಸ್ಟರ್” ಎಂದರೂ ಯಾರಾದರೊಬ್ಬರು “ಅವಳು ಸಿಸ್ಟರ್ ಅಲ್ಲ” ಎಂದು ತಿದ್ದುತ್ತಾರೆ. ಹೊಟ್ಟೆ ಉರಿಯದೆ ಇನ್ನೇನಾಗುತ್ತದೆ?

“ನನ್ನ ಕೆಲಸ ಹೇಳುಕೆ ನಾಚ್ಕೆ ಆಯ್ತಾ ನಿಂಗೆ?”

“ಛೇ, ಅಲ್ಲ ಮಾರಾಯ್ತಿ! ನರ್ಸ್ ಅಂದ್ರೆ ಅಮ್ಮ ಬೇಗ ಒಪ್ತದೆ ಅಂತ...”

“ಹಂಗಾದ್ರೆ ಆ ಬಿಳಿ ಕೋಟಿಗೇ ತಾಳಿ ಕಟ್ಟು.”

ನರೇಶ ತಲೆ ಎತ್ತಿದ. ರೋಗಿಯನ್ನು ಮಣಿಪಾಲಕ್ಕೆ ಒಯ್ಯುವಾಗ, ಹಿಂದೆ ಕೂತ ಅವಳನ್ನು ಕನ್ನಡಿಯಲ್ಲಿ ಕದ್ದು ನೋಡುವ ಅದೇ ಕಣ್ಣು. “ರಸ್ತೆ ನೋಡಿ ಓಡ್ಸು” ಎಂದು ಬೈದು, ಆಮೇಲೆ ತಾನೇ ಕನ್ನಡಿಗೆ ಕಾಣುವ ಹಾಗೆ ಸರಿದು ಕೂತದ್ದು ಎಷ್ಟು ಸಲವೋ! ಇವತ್ತು ಆ ಕಣ್ಣು ನೋಡಿದರೆ ಅಳು ಬರುತ್ತಿತ್ತು. ಇವನ ಮುಂದೆ ಅಳುವುದು ಅವಳಿಗೆ ಬೇಕಿರಲಿಲ್ಲ.

ಬನ್ಸಿನ ಪೊಟ್ಟಣ ಕಸಿದುಕೊಂಡು ಅವಳು ಹಸಿರು ಕೋಟಿನಲ್ಲೇ ಸೀದಾ ವಾರ್ಡಿಗೆ ನಡೆದಳು. “ಏ ವಿನುತಾ, ನಿಲ್ಲೇ” ಎನ್ನುತ್ತ ನರೇಶ ಹಿಂದೆಯೇ ಓಡಿದ.

ಕಿಟಕಿ ಪಕ್ಕದ ಹಾಸಿಗೆಯಲ್ಲಿ ಅವನ ತಾಯಿ ಗಂಗಮ್ಮ ಮಲಗಿದ್ದರು.

“ಅಮ್ಮಾ, ನಾನು ವಿನುತಾ. ನಿಮ್ಮ ಮಗ ಹೇಳಿದ್ದು ನನ್ನ ವಿಷಯವೇ. ಆದ್ರೆ ನಾನು ನರ್ಸ್ ಅಲ್ಲ, ಅಸಿಸ್ಟೆಂಟ್.”

ಗಂಗಮ್ಮ ಕೋಟನ್ನು ಮೇಲಿಂದ ಕೆಳಗೆ ನೋಡಿದರು. ಮುಖ ಸಣ್ಣದಾಯಿತು. ಅದನ್ನು ಮುಚ್ಚಿಡುವ ಗೋಜಿಗೂ ಹೋಗಲಿಲ್ಲ. “ಹೌದನಾ? ನರ್ಸ್ ಸೊಸೆ ಬರ್ತದೆ ಅಂತ ನಾನು ಕೇರಿಗೆಲ್ಲ ಹೇಳಿ ಆತಲ್ಲೇ!”

ಕುಮಟಾದಿಂದ ಬರುವಾಗ ಬಸ್ಸಿನಲ್ಲಿ ಮನಸ್ಸಿನಲ್ಲೇ ಹೇಳಿಕೊಂಡ ಮಾತು ಈಗ ವಿನುತಾಳ ಬಾಯಿಗೆ ಬಂತು.

“ನರ್ಸೇ ಬರ್ತದೆ ಅಮ್ಮ. ಈ ವರ್ಷ ಕೋರ್ಸಿಗೆ ಸೇರ್ತೆ. ಮದುವೆ ವಯಸ್ಸಲ್ಲಿ ಎಂತ ಓದು ಅಂತಾರೆ ಅಂದ್ಕೊಂಡು ಇಷ್ಟು ದಿನ ಹಿಂದೆ ಸರಿದೆ. ಇನ್ನು ಆಗೂದಿಲ್ಲ. ಮೂರು ವರ್ಷ, ಓದು ಮುಗೀದೆ ಮದುವೆ ಇಲ್ಲ. ನಿಮ್ಮ ಮಗಂಗೆ ಕಾಯುಕೆ ಆಗ್ತದಾ ಕೇಳಿ.”

“ಕಾಯ್ತೆ!” ಬಾಗಿಲಿನಿಂದಲೇ ನರೇಶ ಕೂಗಿದ. ವಾರ್ಡಿಗೆ ವಾರ್ಡೇ ತಿರುಗಿ ನೋಡಿತು. ಅವನ ಕಿವಿ ಕೆಂಪಾಯಿತು, ಆದರೂ ಮಾತು ನಿಲ್ಲಲಿಲ್ಲ. “ಹಸಿರು ಕೋಟಾದ್ರೂ ಆತು, ಬಿಳಿ ಆದ್ರೂ ಆತು. ನಂಗೆ ನೀನು ಬೇಕು ವಿನುತಾ. ಸುಳ್ಳು ಹೇಳಿದ್ದು ನನ್ನ ತಪ್ಪು.”

“ಕಾಯದೆ ಎಂತ ಮಾಡ್ತಿ ನೀನು?” ಗಂಗಮ್ಮ ಮಗನನ್ನು ಗದರಿದರು. “ಹೇಳಿದ ಸುಳ್ಳು ನಿಜ ಆಗೂವರೆಗೆ ಕಾಯಿ.” ಆಮೇಲೆ ವಿನುತಾಳತ್ತ ಕೈ ಚಾಚಿದರು. “ನನ್ನ ಮಾತು ಕೇರಿಲಿ ಹುಸಿ ಆಗುಕಾಗದು. ಓದು ಹುಡುಗಿ. ಈಗ ಎಬ್ಬಿಸು, ಬಾತ್‌ರೂಮಿಗೆ ಹೋಗ್ಬೇಕು.”

ವಿನುತಾ ಬನ್ಸಿನ ಪೊಟ್ಟಣ ಕಿಟಕಿಯಲ್ಲಿಟ್ಟು, ಅವರ ಬೆನ್ನಿಗೆ ಕೈಯಾನಿಸಿ ಮೆಲ್ಲಗೆ ಎಬ್ಬಿಸಿದಳು. ಬಾತ್‌ರೂಮಿನತ್ತ ನಡೆಸುವಾಗ ವಾಶ್‌ಬೇಸಿನ್ ಮೇಲಿನ ಕನ್ನಡಿಯಲ್ಲಿ ನರೇಶ ಕಂಡ. ತಾಯಿಯ ಚಪ್ಪಲಿ ಕೈಯಲ್ಲಿ ಹಿಡಿದು, ಕಣ್ಣು ಒದ್ದೆ ಮಾಡಿಕೊಂಡು ಅವಳನ್ನೇ ನೋಡುತ್ತಿದ್ದ.

“ನೋಡು ನೋಡು,” ಎಂದಳು ಅವಳು, ಬೆಳಿಗ್ಗೆಯಿಂದ ಮೊದಲ ಸಲ ನಗುತ್ತ. “ಮೂರು ವರ್ಷ ಬರೀ ನೋಡುದೇ.”